ಅಮ್ಮನ ಮುಖಕ್ಕೊಂದು ಮಸೂರ

ಕ್ಯಾಮೆರಾ ಮಸೂರದ ಅಂಚಿನಲ್ಲಿ ಎಫ್/1.8, ಎಫ್/1.4, ಎಫ್/1.2 ಎಂದೆಲ್ಲ ಬರೆದಿರುತ್ತಾರಲ್ಲ, ಆ ಸಂಖ್ಯೆ ಕಿರಿದಾದಷ್ಟೂ ಬೆಲೆ ಹಿರಿದಾಗುತ್ತ ಹೋಗುತ್ತದೆ. ಕಾರಣ ಹತ್ತನೇ ತರಗತಿಯ ಹುಡುಗರಿಗೂ ಅರ್ಥವಾಗುವಂಥದು. ಮಸೂರದ ಸಂಗಮದೂರವನ್ನು ಅದರ ಬಾಯಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 85 ಮಿ.ಮೀ. ಮಸೂರ ಎಫ್/1.8 ಆಗಬೇಕಾದರೆ ಅದರ ಬಾಯಿ 47 ಮಿ.ಮೀ. ಅಗಲವಿರಬೇಕು, ಎಫ್/1.2 ಆಗಬೇಕಾದರೆ 71 ಮಿ.ಮೀ. ಬಾಯಿ ದೊಡ್ಡದಾದರೆ ಬೆಳಕು ಹೆಚ್ಚು ನುಗ್ಗುತ್ತದೆ, ಚಿತ್ರ ಬೇಗ ಮುಗಿಯುತ್ತದೆ. ಇಂಥದನ್ನು ಫೋಟೊಗ್ರಾಫರರು ‘ಫಾಸ್ಟ್ ಲೆನ್ಸ್’ ಎನ್ನುತ್ತಾರೆ. ‘ವೇಗದ ಮಸೂರ’ ಎಂದು ಕನ್ನಡಿಸಿದರೆ ನನ್ನ ವಿದ್ಯಾರ್ಥಿಗಳು ಚಕ್ರ ಎಲ್ಲಿದೆ ಸಾರ್ ಎಂದು ಕೇಳಿಯಾರು.

ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸಲು ಜನ ಇದನ್ನು ಕೊಳ್ಳುತ್ತಾರೆ. ನನಗೆ ಬೇಕಾದದ್ದು ಬೇರೆ ಕಾರಣಕ್ಕೆ. ಅಮ್ಮನಿಗೆ ಎಂಬತ್ತನಾಲ್ಕು. ನಾಲ್ಕೈದು ವರ್ಷಗಳಿಂದ ಅವಳ ತಲೆ ಸಣ್ಣಗೆ ಅಡ್ಡಡ್ಡ ಅಲುಗುತ್ತದೆ. ಕಾಫಿ ಬೇಕಾ ಎಂದು ಕೇಳಿದರೆ ಬಾಯಿ ಹೂಂ ಎನ್ನುತ್ತದೆ, ತಲೆ ಬೇಡವೆನ್ನುತ್ತದೆ. ಪೊರೆ ತೆಗೆಸಿದ ಕಣ್ಣು. ಫ್ಲಾಷ್ ಹೊಡೆದರೆ ಕೈ ಅಡ್ಡ ಹಿಡಿಯುತ್ತಾಳೆ, ಜಗಲಿಯ ಬಿಸಿಲಿಗೆ ಕೂರಿಸಿದರೆ ಮುಖ ಕಿವುಚುತ್ತಾಳೆ. ಅವಳು ಅವಳಂತೆ ಇರುವುದು ನಡುಮನೆಯಲ್ಲಿ, ಗಾಜಿನ ಹಂಚಿನಿಂದ ಇಳಿಯುವ ಮಂದ ಬೆಳಕಿನಲ್ಲಿ. ಅಪ್ಪ ಹೋದಾಗ ಮನೆಯಲ್ಲಿ ಸಿಕ್ಕಿದ್ದು ಗುರುತಿನ ಚೀಟಿಯ ಫೋಟೊ ಒಂದೇ. ಅದನ್ನೇ ಹಿಗ್ಗಿಸಿ ಕಟ್ಟು ಹಾಕಿಸಿದೆವು. ಹಿಗ್ಗಿ ಹಿಗ್ಗಿ ಕಣ್ಣುಗಳು ಬೂದು ಚುಕ್ಕೆಗಳಾಗಿ, ಯಾವುದೋ ಕಚೇರಿಯ ಗುಮಾಸ್ತರಂತೆ ಗೋಡೆಯಿಂದ ನೋಡುತ್ತಾರೆ. ಅಮ್ಮನಿಗೆ ಹಾಗಾಗಬಾರದು ಅನ್ನಿಸಿತ್ತು.

ಮಗಳು ಹೊಸದು ಕೊಂಡಾಗ ನನಗೆ ದಾಟಿಸಿದ ಹಳೆಯ ಕ್ಯಾಮೆರಾ ಒಂದಿದೆ. ಅದರ ಸಂವೇದಕ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದು. ಜೊತೆಗೆ ಬಂದ ಝೂಮ್ ಮಸೂರವನ್ನು 85ಕ್ಕೆ ಎಳೆದರೆ ಎಫ್/5.6ಕ್ಕಿಂತ ಬಾಯಿ ತೆರೆಯುವುದಿಲ್ಲ. ನಡುಮನೆಯಲ್ಲಿ ಅದು ಕೇಳುವುದು ಸೆಕೆಂಡಿನ ಹದಿಮೂರನೇ ಒಂದು ಭಾಗ. ಅಷ್ಟರಲ್ಲಿ ಅಮ್ಮನ ಮೂಗು ಎರಡಾಗಿರುತ್ತದೆ. ಸಂವೇದನೆ ಏರಿಸಬಹುದಲ್ಲ ಎಂದಿರಾ? ಆಗಲೇ 1600ಕ್ಕೆ ಏರಿಸಿಯಾಗಿತ್ತು. ಇನ್ನೂ ಏರಿಸಿದರೆ ಮುಖದ ಸುಕ್ಕು ಯಾವುದು, ಸಂವೇದಕದ ಗದ್ದಲ ಯಾವುದು ತಿಳಿಯದು. ಎಫ್/1.8 ಆದರೋ, 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ, ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಹದಿಮೂರನೇ ಒಂದು ಭಾಗ ನೂರಿಪ್ಪತ್ತೈದನೇ ಒಂದು ಭಾಗವಾಗುತ್ತದೆ.

ಈ ತಾಪತ್ರಯ ಫೋಟೊಗ್ರಫಿಯಷ್ಟೇ ಹಳೆಯದು. 1839ರಲ್ಲಿ ಡಾಗೇರ್‌ನ ವಿಧಾನ ಪ್ರಕಟವಾದಾಗ ಇದ್ದ ಮಸೂರಗಳ ಬಾಯಿ ಎಫ್/15ರ ಆಸುಪಾಸು. ಬಿಸಿಲಿನಲ್ಲಿ ನಿಮಿಷಗಟ್ಟಲೆ ಕೂರಬೇಕು. ಕಟ್ಟಡಗಳಿಗೆ ಅದು ಸರಿ, ಮನುಷ್ಯರಿಗೆ? ತಲೆಯ ಹಿಂದೆ ಕಬ್ಬಿಣದ ಕವೆಗೋಲು ನಿಲ್ಲಿಸಿ ಕತ್ತು ಬಿಗಿದು ಕೂರಿಸುತ್ತಿದ್ದರು. ಆಗಿನ ಚಿತ್ರಗಳಲ್ಲಿ ಯಾರೂ ನಗುವುದಿಲ್ಲ ಎಂಬುದರಲ್ಲಿ ಆಶ್ಚರ್ಯವೇನಿದೆ! ವಿಯೆನ್ನಾ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ 1840ರಲ್ಲಿ ನಾಲ್ಕು ಗಾಜುಗಳ ಮಸೂರವೊಂದನ್ನು ಲೆಕ್ಕ ಹಾಕಿಯೇ ರೂಪಿಸಿದ. ಲೆಕ್ಕಕ್ಕೆ ಸೈನ್ಯದ ಫಿರಂಗಿ ದಳದವರು ನೆರವಾಗಿದ್ದರಂತೆ. ಫೋಕ್ಟ್‌ಲೆಂಡರ್ ಅದನ್ನು ತಯಾರಿಸಿದ. ಬಾಯಿ ಸುಮಾರು ಎಫ್/3.6; ಬೆಳಕು ಹದಿನಾರು ಪಟ್ಟಿನಷ್ಟು ಹೆಚ್ಚು. ಆದರೆ ಅದರ ಸಂಗಮತಲ ಚಪ್ಪಟೆಯಲ್ಲ, ಬಟ್ಟಲಿನಂತೆ ಬಾಗಿದೆ. ನಡುವೆ ಮುಖ ಸ್ಪಷ್ಟ, ಅಂಚೆಲ್ಲ ಸುಳಿ ಸುಳಿ. ಈ ಬಾಗು ಎಷ್ಟಿರುತ್ತದೆ ಎಂಬ ಸೂತ್ರಕ್ಕೆ ಇಂದಿಗೂ ಪೆಟ್ಸ್‌ವಾಲ್‌ನದೇ ಹೆಸರು! ಮುಖದ ಚಿತ್ರಕ್ಕೆ ಅಂಚು ಯಾಕೆ ಬೇಕು, ಅದನ್ನು ಬೆಳಕಿಗಾಗಿ ಬಿಟ್ಟುಕೊಡೋಣ ಎನ್ನುವ ಲೆಕ್ಕ ಆ ಗಾಜುಗಳಲ್ಲೇ ಇದೆ. ಕೂತವರ ಕತ್ತು ಬಿಗಿಯುವುದರ ಬದಲು ಮಸೂರವನ್ನೇ ಬದಲಿಸಿದ ಈ ಗಣಿತದ ಮೇಷ್ಟರ ಮೇಲೆ ನನಗೆ ವಿಶೇಷ ಪ್ರೀತಿ.

ಹಾಗಾದರೆ ಎಫ್/1.2ನ್ನೇ ಕೊಳ್ಳಬಹುದಿತ್ತಲ್ಲ? ಬೆಲೆಯ ಮಾತು ಬೇಡ, ಈ ಪುಟವನ್ನು ಮನೆಯವರೂ ಓದುತ್ತಾರೆ. ಕ್ಯಾನನ್‌ನ ಎರಡು 85 ಮಿ.ಮೀ. ಮಸೂರಗಳನ್ನು ಅಂಗಡಿಯಲ್ಲಿ ಎರಡು ಕೈಯಲ್ಲಿ ಹಿಡಿದು ನೋಡಿದೆ. 1992ರ ಎಫ್/1.8 ತೂಗುವುದು 425 ಗ್ರಾಂ. 2006ರ ಎಫ್/1.2 ಒಂದು ಕಿಲೋಗೂ ಮೇಲೆ, ಅಕ್ಕಿ ಪೊಟ್ಟಣದಂತೆ. ಎರಡೂ ಕಾಲು ಪಟ್ಟು ಬೆಳಕು ಹೆಚ್ಚು ಕೊಡುತ್ತದೆ, ನಿಜ. ಆದರೆ ಫೋಕಸ್ ಮಾಡಲು ದೊಡ್ಡ ಗಾಜುಗಳ ಗುಂಪನ್ನೇ ಮೋಟಾರು ಜರುಗಿಸಬೇಕು, ಅದು ಗಜಗಮನ. ಚಿಕ್ಕದರಲ್ಲಿ ಹಿಂಬದಿಯ ಹಗುರ ಗಾಜುಗಳಷ್ಟೇ ಸರಿದು ಕೆಲಸ ಚಕ್ಕನೆ ಮುಗಿಯುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಸ್ಪಷ್ಟತೆಯ ಆಳದ್ದು. ಒಂದೂವರೆ ಮೀಟರ್ ದೂರದಿಂದ ತೆಗೆದರೆ ಎಫ್/1.8ರಲ್ಲಿ ಸುಮಾರು ಮೂರೂವರೆ ಸೆಂ.ಮೀ. ದಪ್ಪದ ಒಂದು ಹಾಳೆಯಷ್ಟೇ ಸ್ಪಷ್ಟ. ಅದರ ಹಿಂದೆ ಮುಂದೆ ಎಲ್ಲ ಮಂಜು. ಎಫ್/1.2ರಲ್ಲಿ ಅದು ಎರಡೂಕಾಲಕ್ಕೆ ಇಳಿಯುತ್ತದೆ. ಅಮ್ಮ ಸುಮ್ಮನೆ ಕೂರುವವಳಲ್ಲ. ಮಾತಿಗೆ ಮುಂದೆ ಬಾಗುತ್ತಾಳೆ, ಮಾತು ಮುಗಿದರೆ ಹಿಂದಕ್ಕೆ ಒರಗುತ್ತಾಳೆ. ತಲೆ ಅಡ್ಡ ಅಲುಗುವುದಕ್ಕೆ ಬಾಯಿ ದೊಡ್ಡದಿರಬೇಕು, ಹಿಂದೆ ಮುಂದೆ ಆಡುವುದಕ್ಕೆ ಚಿಕ್ಕದಿರಬೇಕು. ಒಬ್ಬಳೇ ಅಮ್ಮ, ಎರಡು ಬೇಡಿಕೆ! ಇಷ್ಟಾದ ಮೇಲೆ ನನ್ನ ಮಟ್ಟಿಗೆ ಎಫ್/1.2 ಚರ್ಚೆಯಿಂದ ಹೊರಬಿತ್ತು. 50 ಮಿ.ಮೀ. ಅಗ್ಗ, ಆದರೆ ಮುಖ ಅಷ್ಟೇ ದೊಡ್ಡದಾಗಿ ಬರಬೇಕಾದರೆ ಒಂದು ಮೀಟರಿಗಿಂತ ಹತ್ತಿರ ಹೋಗಬೇಕು. ಅಷ್ಟು ಹತ್ತಿರದಿಂದ ಯಾರ ಮೂಗೂ ದೊಡ್ಡದೇ.

1935ರಲ್ಲಿ ಲೈಟ್ಸ್ ಕಂಪನಿ ಥಾಂಬಾರ್ ಎಂಬ ಮಸೂರ ತಂದಿತ್ತು. ಗೋಳೀಯ ವಿಪಥನವನ್ನು ಬೇಕೆಂದೇ ಉಳಿಸಿ ಮುಖಕ್ಕೆ ಮೃದುವಾದ ಹೊಳಪು ಕೊಡುವ ಉಪಾಯ ಅದರದು. ಸುಕ್ಕು ಅಡಗಿಸಲು ಒಳ್ಳೆಯದೇ. ನನಗೆ ಆ ಸುಕ್ಕುಗಳು ಬೇಕಾಗಿದ್ದವು. ಒಲೆಯ ಮುಂದೆ ಕೂತು ಗಳಿಸಿದವು ಅವು.

ಕೊನೆಗೆ ಎಫ್/1.8ನ್ನೇ, ಅದೂ ಒಬ್ಬರು ಬಳಸಿದ್ದನ್ನು ಕೊಂಡೆ. ದೋಷವಿಲ್ಲವೆಂದಲ್ಲ. ಬೆಳಕಿಗೆ ಬೆನ್ನು ಕೊಟ್ಟು ಕೂತರೆ ಬಿಳಿಕೂದಲಿನ ಅಂಚಿಗೆ ನೇರಳೆ ಬಣ್ಣದ ಜರಿ ಮೂಡುತ್ತದೆ. ವರ್ಣವಿಪಥನವನ್ನು ಇನ್ನಷ್ಟು ಅದುಮಲು ವಿಶೇಷ ಗಾಜು ಬೇಕು, ಅದಕ್ಕೆ ಹಣ ಬೇಕು. ನಾನು ಅಮ್ಮನ ಕುರ್ಚಿಯನ್ನು ಒಂದು ಮೊಳ ತಿರುಗಿಸಿದೆ, ಜರಿ ಮಾಯವಾಯಿತು. ಎಫ್/2ಕ್ಕೆ ಇಟ್ಟು, ತಲೆಯ ಅಲುಗಾಟ ಒಂದು ತುದಿ ಮುಟ್ಟಿ ಹಿಂತಿರುಗುವ ಗಳಿಗೆ ಕಾದು ಒತ್ತಬೇಕು. ಲೋಲಕದ ಪಾಠ: ತುದಿಯಲ್ಲಿ ವೇಗ ಸೊನ್ನೆ. ನಲವತ್ತರಲ್ಲಿ ಏಳು ಸರಿಯಾಗಿ ಬಂದವು.

ಅಮ್ಮನಿಗೆ ಒಂದೊಂದಾಗಿ ತೋರಿಸಿದೆ. ಒಂದರಲ್ಲಿ ತಡೆದು ‘ಮೂಗುಬಟ್ಟು ಚೆನ್ನಾಗಿ ಬಂದಿದೆ ನೋಡು’ ಎಂದಳು. ಮೂಗುಬಟ್ಟು ಅಷ್ಟು ಸ್ಪಷ್ಟವಿದ್ದರೆ ಫೋಕಸ್ ಕಣ್ಣಿಗಿಂತ ಎರಡು ಸೆಂ.ಮೀ. ಮುಂದೆ ನಿಂತಿದೆ ಎಂದೇ ಅರ್ಥ. ನಾನು ಆರಿಸಿದ ಏಳರಲ್ಲಿ ಅದು ಇರಲಿಲ್ಲ. ಈಗ ಎಂಟಾಗಿವೆ.