ನೀರು ಕುಡಿದ ಹಲಗೆ

ಬೇಸಿಗೆಯಲ್ಲಿ ಕನ್ನಂಬಾಡಿ ಕಟ್ಟೆಯ ಹಿನ್ನೀರು ಇಳಿದಾಗ, ಮಳೆಗಾಲದಲ್ಲಿ ಆಳದಲ್ಲಿದ್ದ ಬಂಡೆಗಳು ಮೇಲಿನಿಂದ ಎರಡೇ ಅಡಿ ಕೆಳಗೆ ಕಾದು ಕೂತಿರುತ್ತವೆ. ಕಳೆದ ಏಪ್ರಿಲ್‌ನಲ್ಲಿ ಅಂಥದೊಂದು ಕಲ್ಲು ನಮ್ಮ ಹಾಯಿದೋಣಿಯ ಸೆಂಟರ್‌ಬೋರ್ಡಿಗೆ ತಗುಲಿತು. ‘ಟಕ್’ ಎಂದು ಒಂದು ಸದ್ದು, ಅಷ್ಟೆ. ಚುಕ್ಕಾಣಿ ಹಿಡಿದಿದ್ದ ಮಗಳ ಮುಖ ಮಾತ್ರ ಬಿಳಿಚಿಕೊಂಡಿತು.

ನಮ್ಮದು ಎಂಟರ್‌ಪ್ರೈಸ್ ಮಾದರಿಯ ಹಳೆಯ ದೋಣಿ. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದ್ದು. ಉದ್ದ ಸುಮಾರು 4 ಮೀಟರ್, ಇಬ್ಬರು ಕೂರಬಹುದು. ದೋಣಿಯ ನಡುವಿನ ಸೀಳಿನಿಂದ ನೀರಿಗೆ ಇಳಿಬಿಡುವ ಹಲಗೆಯೇ ಸೆಂಟರ್‌ಬೋರ್ಡ್. ಅದಿಲ್ಲದಿದ್ದರೆ ಅಡ್ಡಗಾಳಿಗೆ ದೋಣಿ ಪಕ್ಕಕ್ಕೆ ಜಾರುತ್ತದೆ. ಒದ್ದೆ ಹುಣಸೆ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿ ನೋಡಿದ್ದೀರಾ? ಮುಂದಕ್ಕೆ ಚಿಮ್ಮುತ್ತದೆ. ಇಲ್ಲಿ ಒಂದು ಬೆರಳು ಹಾಯಿಗೆ ಬಡಿಯುವ ಗಾಳಿ, ಇನ್ನೊಂದು ಹಲಗೆಯನ್ನು ಒತ್ತುವ ನೀರು. ಕಲ್ಲು ತಗುಲಿದರೆ ಹಲಗೆ ಕೀಲಿನ ಮೇಲೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ದೋಣಿ ಉಳಿದದ್ದು ಅದರಿಂದಲೇ.

ದಡದಲ್ಲಿ ಬಿಚ್ಚಿ ನೋಡಿದೆವು. ಮುಂಭಾಗದ ಕೆಳಗಿನ ಮೂಲೆಯಲ್ಲಿ ಹೆಬ್ಬೆರಳಷ್ಟು ಚೂರು ಹಾರಿಹೋಗಿತ್ತು. ಸುತ್ತ ವಾರ್ನಿಷ್ ಬಿಟ್ಟುಕೊಂಡು, ಒಳಗಿನ ಮರ ಕಪ್ಪಾಗಿತ್ತು. ಕಪ್ಪಾಗಿದ್ದರೆ ನೀರು ಹೊಕ್ಕಿದ್ದು ಆವತ್ತಲ್ಲ, ಎಷ್ಟೋ ದಿನದ ಹಿಂದೆಯೇ.

ಮುಂದಿನ ಭಾನುವಾರ ಮಗಳ ಮೊದಲ ಪಂದ್ಯ. “ಅಪ್ಪಾ, ಮೇಲೊಂದು ಕೋಟ್ ಬಳಿದುಬಿಡೋಣ, ಸಾಕು” ಎಂದಳು. ಮರಗೆಲಸದಲ್ಲೇ ಕೂದಲು ಹಣ್ಣಾದ ಅವಳ ತಾತ ಹಲಗೆಯನ್ನು ಉಗುರಿನಿಂದ ಒತ್ತಿ ನೋಡಿ, “ಕೀವು ಇರೋ ಗಾಯಕ್ಕೆ ಬಟ್ಟೆ ಕಟ್ಟಿದ ಹಾಗಾಗುತ್ತಮ್ಮ. ಮರ ನೀರು ಕುಡಿದಿದೆ, ಒಣಗಲಿ” ಎಂದರು. ಅವಳು ಎರಡು ದಿನ ನಮ್ಮಿಬ್ಬರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನನಗೂ ಕಷ್ಟವಾಯಿತು. ಆದರೆ ಒದ್ದೆ ಮರಕ್ಕೆ ಎಪಾಕ್ಸಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಿಡಿದರೂ ಒಳಗೆ ಸಿಕ್ಕಿಕೊಂಡ ತೇವ ಮರವನ್ನು ಕೊಳೆಸುತ್ತದೆ.

ಹಳೆ ವಾರ್ನಿಷ್ ಕೆರೆದು, ಮೆತ್ತಗಾದ ಮರವನ್ನು ಉಳಿಯಿಂದ ತೆಗೆದು, ಹಲಗೆಯನ್ನು ಹಜಾರದ ನೆರಳಿನಲ್ಲಿ ಎರಡೂ ಮೈಗೆ ಗಾಳಿ ಆಡುವಂತೆ ನಿಲ್ಲಿಸಿದೆವು. ಬಿಸಿಲಿಗಿಟ್ಟರೆ ಸೊಟ್ಟಗಾದೀತು. ಒಣಗಿದ್ದು ಗೊತ್ತಾಗುವುದು ಹೇಗೆ? ಲಗೇಜು ತೂಗುವ ತಕ್ಕಡಿಗೆ ದಿನಾ ಬೆಳಿಗ್ಗೆ ನೇತುಹಾಕಿ ಬರೆದಿಡು ಎಂದೆ. ಮೂರನೇ ದಿನದಿಂದ ಅವಳ ಮುನಿಸು ಇಳಿಯಿತು, ತೂಕವೂ ಇಳಿಯುತ್ತಿತ್ತು. ಪಂದ್ಯದ ಭಾನುವಾರ ದಡದಲ್ಲಿ ನಿಂತು ಗೆಳತಿಯರಿಗೆ ಚಪ್ಪಾಳೆ ತಟ್ಟಿ ಬಂದಳು. ಹನ್ನೊಂದನೇ ದಿನ ಮುಳ್ಳು ಅಲ್ಲಾಡದೆ ನಿಂತಿತು. ಅದಾದ ಮೇಲೂ ತಾತ ಎರಡು ದಿನ ಬಿಡಿಸಿದರು.

ಎಪಾಕ್ಸಿ ಕಲಸುವುದು ದೊಡ್ಡವರ ಕೆಲಸ, ಕೈಗೆ ಗವಸು ಬೇಕು. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿದರೆ ಕೆಲಸ ಕೆಡುತ್ತದೆ, ಡಬ್ಬದ ಮೇಲಿನ ಅಳತೆಯೇ ಅಳತೆ. ಬೇಸಿಗೆಯಲ್ಲಿ ಒಂದೇ ಸಲ ಹೆಚ್ಚು ಕಲಸಿದರೆ ಲೋಟವೇ ಕೈ ಸುಡುವಷ್ಟು ಬಿಸಿಯಾಗುತ್ತದೆ. ಮೊದಲು ತೆಳ್ಳಗೆ ಬಳಿದು ಮರಕ್ಕೆ ಕುಡಿಸಿದೆವು. ಆಮೇಲೆ ನಯವಾದ ಮರದ ಹುಡಿ ಬೆರೆಸಿ, ವಡೆ ಹಿಟ್ಟಿನ ಹದಕ್ಕೆ ತಂದು, ಗಾಯಕ್ಕೆ ಮೆತ್ತಿದೆವು.

ಮರುದಿನ ಉಜ್ಜುವ ಕೆಲಸ ಪೂರಾ ಮಗಳದು. ಹಲಗೆಯ ಮುಂಭಾಗದ ಅಂಚು ದುಂಡಗಿರಬೇಕು, ಉಬ್ಬಿದರೆ ನೀರು ಸುಳಿಯುತ್ತದೆ. ಚೆನ್ನಾಗಿದ್ದ ಭಾಗದಿಂದ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು, ಮರದ ತುಂಡಿಗೆ ಸ್ಯಾಂಡ್‌ಪೇಪರ್ ಸುತ್ತಿ, ಉಜ್ಜುವುದು, ಅಚ್ಚು ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಬಿಸಿಲಿಗೆ ಎಪಾಕ್ಸಿ ಹಾಳಾಗದಂತೆ ಕೊನೆಗೆ ಮೂರು ಕೋಟ್ ವಾರ್ನಿಷ್.

ತೇಪೆ ಈಗಲೂ ಕಪ್ಪಗೆ ಎದ್ದು ಕಾಣುತ್ತದೆ. ಬಣ್ಣ ಹಚ್ಚಿ ಮುಚ್ಚೋಣವೇ ಎಂದು ಕೇಳಿದೆ. “ಬೇಡಪ್ಪ, ಮತ್ತೆ ಬಿರುಕು ಬಿಟ್ಟರೆ ಕಾಣಬೇಕಲ್ಲ” ಎಂದಳು ಮಗಳು. ತಾತ ತಲೆಯಾಡಿಸಿದರು.