ಸಸಿಗೊಂದು ಕುಂಚಿಗೆ

ಹಸುಗೂಸನ್ನು ಮನೆಯಿಂದ ಹೊರಗೆ ಕರೆದೊಯ್ಯುವಾಗ ತಲೆಗೆ ಕುಂಚಿಗೆ ಕಟ್ಟುವ ರೂಢಿ ನಮ್ಮ ಮನೆತನಗಳಲ್ಲಿ ಇಂದಿಗೂ ಉಂಟು. ಗಾಳಿ ತಾಗದಿರಲಿ, ಚಳಿ ಸೋಕದಿರಲಿ ಎಂಬುದೇ ಅದರ ಉದ್ದೇಶ. ಅದೇ ಕಾಳಜಿಯನ್ನು ಕಾಯಿಪಲ್ಲೆಯ ಎಳೆಯ ಸಸಿಗಳಿಗೂ ತೋರಬೇಕೆಂಬ ಪಾಠವನ್ನು ನಾನು ಕಲಿತದ್ದು ನಿವೃತ್ತನಾದ ಮೇಲೆ. ಅದೂ ಎರಡು ವರ್ಷ ನಷ್ಟ ಅನುಭವಿಸಿದ ಬಳಿಕ.

ಬೈಲಹೊಂಗಲ ಸೀಮೆಯಲ್ಲಿ ನಮ್ಮದೊಂದು ಎಕರೆ ಹೊಲ, ಅದರಲ್ಲೊಂದು ಹಳೆಯ ಬಾವಿ. ತಂದೆಯವರು ಕಾಲವಾದಂದಿನಿಂದ ಅದನ್ನು ನೋಡಿಕೊಂಡು ಬಂದವನು ನನ್ನ ತಮ್ಮ. 2021ರಲ್ಲಿ ಶಿಕ್ಷಕ ವೃತ್ತಿಯಿಂದ ನಿವೃತ್ತನಾಗಿ ನಾನು ಊರಿಗೆ ಮರಳಿದಾಗ ಅವನು ಸೋತವನಂತೆ ನುಡಿದನು: “ಅಣ್ಣಾ, ಸೌತಿ ಬಳ್ಳಿ ಕಾಯಿ ಹಿಡಿಯೂದಕ್ಕೂ ಬಾವ್ಯಾಗಿನ ನೀರ ತೀರೂದಕ್ಕೂ ಸರಿ ಆಗತೈತಿ. ಹೊಲಾ ಲಾವಣಿಗೆ ಕೊಟ್ಟು ಹುಬ್ಬಳ್ಳಿಗೆ ಹೋಗತೀನಿ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಚಳಿ ಕಳೆದು ಶಿವರಾತ್ರಿ ಸಮೀಪಿಸಿದಾಗ ಬೀಜ ಊರುವುದು ನಮ್ಮ ವಾಡಿಕೆ. ಕಾಯಿ ಕೈಗೆ ಬರುವ ಏಪ್ರಿಲ್ ತಿಂಗಳಲ್ಲಿ ಬಾವಿಯ ತಳ ಕಾಣುತ್ತಿತ್ತು. ಹಾಗಾದರೆ ಮುಂಚಿತವಾಗಿಯೇ ಊರಿದರಾಯಿತಲ್ಲ ಎಂದು ನಾನು ಆ ವರ್ಷದ ಡಿಸೆಂಬರಿನಲ್ಲಿಯೇ ಬೀಜ ಹಾಕಿಸಿದೆನು. ಸೌತೆ, ಹೀರೆ, ಕುಂಬಳದಂಥ ಬಳ್ಳಿಗಳ ಬೀಜ ಚೆನ್ನಾಗಿ ಮೊಳೆಯಲು 25ರಿಂದ 30 ಡಿಗ್ರಿ ಬೆಚ್ಚಗಿನ ಮಣ್ಣು ಬೇಕು. ನಮ್ಮಲ್ಲಿ ಆ ದಿನಗಳ ರಾತ್ರಿಗಳು 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಬೀಜಗಳಲ್ಲಿ ಬಹುಪಾಲು ಮಣ್ಣಿನಲ್ಲಿಯೇ ಕೊಳೆತು ಹೋದವು.

ಪಂಜಾಬಿನಲ್ಲಿ ಸೇವೆ ಸಲ್ಲಿಸಿ ಬಂದ ನಮ್ಮೂರಿನ ಯೋಧರೊಬ್ಬರು ಇದನ್ನು ಕೇಳಿ ನಕ್ಕರು. ಅಲ್ಲಿ ಕಡುಚಳಿಯಲ್ಲಿಯೇ ಸಾಲಿನ ಮೇಲೆ ಕಮಾನು ಕಟ್ಟಿ, ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿ ಸೌತೆ, ಕರಬೂಜ ಬೆಳೆಯುವರಂತೆ. ಇದು ಹೊಸ ಯುಕ್ತಿಯೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಸುತ್ತಲಿನ ತರಕಾರಿ ಬೆಳೆಗಾರರು ಗಂಟೆಯಾಕಾರದ ಗಾಜಿನ ಮುಚ್ಚಳಗಳನ್ನು ಸಸಿಗಳ ಮೇಲೆ ಬೋರಲಿಡುತ್ತಿದ್ದರು. ಗಾಜು ಸಿರಿವಂತರದು, ಪ್ಲಾಸ್ಟಿಕ್ ಹಾಳೆ ಬಡವರ ಗಾಜು.

ಮರುವರ್ಷ 4 ಅಡಿ ಅಗಲ, 16 ಅಡಿ ಉದ್ದದ ಮಡಿಯೊಂದನ್ನು ಸಿದ್ಧಪಡಿಸಿದೆವು. ಮಣ್ಣು, ಮರಳು, ಕಳಿತ ತಿಪ್ಪೆಗೊಬ್ಬರಗಳನ್ನು ಸಮಪ್ರಮಾಣದಲ್ಲಿ ಕಲೆಸಿ, ತಳಕ್ಕೆ ತೂತು ಮಾಡಿದ 3 ಅಂಗುಲದ ಚೀಲಗಳಿಗೆ ತುಂಬಿದೆವು. ಬಳ್ಳಿ ಜಾತಿಯ ಬೇರು ಅಲುಗಾಟವನ್ನು ಸಹಿಸದಾದ್ದರಿಂದ ಈ ಚೀಲಗಳು ಅವಶ್ಯ. ಬಿದಿರಿನ ಸೀಳುಗಳನ್ನು ಬಾಗಿಸಿ ಕಮಾನು ನೆಟ್ಟು, ಮೇಲೆ 50 ಮೈಕ್ರಾನಿನ ಪಾರದರ್ಶಕ ಹಾಳೆ ಹೊದಿಸಿ, ಅಂಚುಗಳಿಗೆ ಮಣ್ಣು ಒತ್ತಿದೆವು. ಹಗಲಿನ ಬಿಸಿಲನ್ನು ಮಣ್ಣು ಹೀರಿಕೊಳ್ಳುತ್ತದೆ. ರಾತ್ರಿ ಆ ಕಾವು ಬೇಗನೆ ಆರಿಹೋಗದಂತೆ ಹಾಳೆಯೂ ಅದರ ಒಳಮೈಗೆ ಅಂಟಿದ ನೀರಹನಿಗಳೂ ತಡೆಯುತ್ತವೆ. ಕೆಲವೇ ದಿನಗಳಲ್ಲಿ ಹಸುರು ಇಣುಕಿತು.

ಆದರೆ ಒಂದು ದಿನ ಬೀಗರ ಮನೆಯ ಮದುವೆಗೆಂದು ನಾವೆಲ್ಲರೂ ಹೊರಟೆವು. ಹಾಳೆಯ ತುದಿಗಳನ್ನು ಎತ್ತಿಡುವುದನ್ನು ನಾನು ಮರೆತಿದ್ದೆನು. ಸಂಜೆ ಬಂದು ನೋಡಿದರೆ ಸಸಿಗಳು ಬೇಯಿಸಿದ ಪಲ್ಲೆಯಂತೆ ಮಲಗಿದ್ದವು. ತಮ್ಮನು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚಿನ ಶಿಕ್ಷೆಯಾಯಿತು. ಅವ್ವ ಮಾತ್ರ ಹೇಳಿದಳು: “ಕೂಸಿಗೆ ಕುಂಚಿಗಿ ಕಟ್ಟತೀವಿ, ಮಾರಿ ಮುಚ್ಚತೀವೇನಪಾ? ಉಸರಾಡಾಕ ಬಿಡಬೇಕು.”

ಆ ಮಾತೇ ನಮಗೆ ವಿಧಿಯಾಯಿತು. ಬಿಸಿಲೇರಿದೊಡನೆ ಎರಡೂ ತುದಿ ಎತ್ತುವುದು, ಹೊತ್ತು ಇಳಿಯುವ ಮೊದಲು ಇಳಿಬಿಡುವುದು. ಈ ಕಾಯಕವನ್ನು ಅವ್ವ ತಾನೇ ವಹಿಸಿಕೊಂಡಳು. 2023ರ ಡಿಸೆಂಬರ್ ಕೊನೆಯಲ್ಲಿ ಹಾಕಿದ ಬೀಜ ಜನವರಿ ಮೂರನೆಯ ವಾರದಲ್ಲಿ ಮೂರೆಲೆಯ ಸಸಿಯಾಗಿತ್ತು. ನಾಟಿಗೆ ಮುನ್ನ ನಾಲ್ಕೈದು ದಿನ ನೀರು ಕಡಿಮೆ ಮಾಡಿ, ಹೊದಿಕೆಯನ್ನು ದಿನದಿನಕ್ಕೆ ಹೆಚ್ಚು ಹೊತ್ತು ತೆರೆದಿಟ್ಟು ಸಸಿಗಳನ್ನು ಗಟ್ಟಿಗೊಳಿಸಿದೆವು. ಸುಮಾರು ಸಾವಿರ ಸಸಿಗಳನ್ನು 10 ಗುಂಟೆಯಲ್ಲಿ ನೆಟ್ಟು, ಸಾಲುಗಳ ಮೇಲೂ ಕೆಲದಿನ ಹೊದಿಕೆ ಇಟ್ಟೆವು. ಹೂ ಬಿಡುವ ಹೊತ್ತಿಗೆ ಅದನ್ನು ತೆಗೆಯಲೇಬೇಕು. ಜೇನು ಬಾರದಿದ್ದರೆ ಕಾಯಿ ಕಟ್ಟದು.

ಆ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುಭಾಗಕ್ಕೆ ಬರ ಬಂದುದನ್ನು ಓದುಗರು ಮರೆತಿರಲಾರರು. ನಮ್ಮ ಬಾವಿಯೂ ಮಾರ್ಚ್ ಕೊನೆಗೇ ಬತ್ತಿತು. ಆದರೆ ಅಷ್ಟರೊಳಗೆ ಮೂರು ವಾರ ಸೌತೆಕಾಯಿ ಬಿಡಿಸಿ ಸಂತೆಗೆ ಕಳಿಸಿದ್ದೆವು. ಬಳ್ಳಿ ಅರ್ಧಕ್ಕೇ ಒಣಗಿತು, ನಿಜ. ದೊಡ್ಡ ಲಾಭವೇನೂ ಬರಲಿಲ್ಲ. ಖರ್ಚು ಕಳೆದು ಮನೆಯ ಬೇಸಿಗೆ ಸಾಗುವಷ್ಟು ಉಳಿಯಿತು.

ಹೊದಿಕೆಯಿಂದ ದೊರೆತದ್ದು ಬರಿಯ ಬೆಚ್ಚನೆಯಲ್ಲ, ಐದಾರು ವಾರಗಳ ಕಾಲ. ಬಾವಿ ನೀರನ್ನು ನಂಬಿದವನಿಗೆ ಕಾಲವೆಂದರೆ ನೀರು. ಸಾವಿರ ಸಸಿಗಳು ಮಂಚದಗಲದ ಮಡಿಯಲ್ಲಿ ಬೆಳೆಯುವಾಗ ಅವುಗಳಿಗೆ ಕೆಲವು ಕೊಡ ನೀರು ಸಾಕು, ಹೊಲವನ್ನೆಲ್ಲ ತೋಯಿಸಬೇಕಿಲ್ಲ.

ಹಾಳೆಯನ್ನು ಹೊಲದಲ್ಲಿ ಬಿಡದೆ, ಸುಡದೆ, ತೊಳೆದು ಸುತ್ತಿ ನೆರಳಿನಲ್ಲಿಟ್ಟರೆ ಮತ್ತೊಂದು ವರ್ಷಕ್ಕೆ ಬರುತ್ತದೆ. ಕಳೆದ ಬಾರಿ ಅದನ್ನು ಅಟ್ಟದ ಮೇಲಿಂದ ಇಳಿಸಿದವನು ನನ್ನ ತಮ್ಮನೇ. ಲಾವಣಿಯ ಮಾತನ್ನು ಅವನು ಮತ್ತೆ ಎತ್ತಿಲ್ಲ. ಅವ್ವನಿಗೀಗ ಕಣ್ಣು ಮಂದ. ಆದರೂ ಬಿಸಿಲೇರಿತೆಂದರೆ ಕಟ್ಟೆಯ ಮೇಲಿಂದಲೇ ಕೂಗಿ ಕೇಳುತ್ತಾಳೆ: “ಕೂಸಿನ ಮಾರಿ ತಗದೀರೇನು?”