ಬಿಡುವು ಯಾರಪ್ಪನ ಮನೆ ಆಸ್ತಿ?



ಭಾನುವಾರ ಸಂಜೆ ಆರರ ಮೇಲೆ ಫೋನ್ ಎತ್ತಲ್ಲ ಅಂತ ಹೋದ ತಿಂಗಳು ಗ್ರೂಪಲ್ಲಿ ಹಾಕಿದ್ದೆ. ಹಿರಿಯ ಸಂಗಾತಿಯೊಬ್ಬರು ಕರೆ ಮಾಡಿ, "ಏನಪ್ಪಾ, ಚಳವಳಿಗೂ ವಾರದ ರಜೆ ಬಂತಾ?" ಅಂದ್ರು. ನಗ್ತಾನೇ ಅಂದ್ರು, ಆದ್ರೆ ಚುಚ್ಚೋ ಹಂಗೇ ಅಂದ್ರು. ಉತ್ತರ ಇಲ್ಲೇ ಬರೀತಿದೀನಿ ಅಣ್ಣಾ.

ನಮ್ಮ ತಾತ ಜೀತಕ್ಕಿದ್ದವರು. ಪತ್ರದಲ್ಲಿ ಬರೆಸಿಕೊಂಡಿದ್ದು ಸಾಲದ ಲೆಕ್ಕ, ಒಡೆಯ ಇಟ್ಟುಕೊಂಡಿದ್ದು ತಾತನ ಹೊತ್ತು. ಕೋಳಿ ಕೂಗೋಕೆ ಮುಂಚೆ ಕೊಟ್ಟಿಗೆ, ರಾತ್ರಿ ಕಣ ಕಾಯೋದು. ಹಟ್ಟಿಯಲ್ಲಿ ಮಗು ಹುಟ್ಟಿದ್ರೂ ನೋಡೋಕೆ ಹೋಗಲು ಅಪ್ಪಣೆ ಬೇಕು. 1976ರ ಕಾಯ್ದೆ ಜೀತವನ್ನ ರದ್ದು ಮಾಡ್ತು. "ಇವ್ರು ಸೋಮಾರಿಗಳು" ಅನ್ನೋ ಮಾತನ್ನ ಯಾವ ಕಾಯ್ದೆನೂ ರದ್ದು ಮಾಡ್ಲಿಲ್ಲ. ಅವರು ಜಗಲಿ ಮೇಲೆ ಕೂತ್ರೆ ವಿಶ್ರಾಂತಿ, ನಮ್ಮೋರು ಹಟ್ಟಿ ಮುಂದೆ ಕೂತ್ರೆ ಮೈಗಳ್ಳತನ. ಈ ಮಾತನ್ನ ಕೇಳಿ ಕೇಳಿ ನಾವೇ ನಂಬಿಬಿಟ್ಟಿದೀವಿ ಅನ್ಸುತ್ತೆ. ಅದಕ್ಕೇ ನಿದ್ದೆಗೆಟ್ಟವನೇ ನಮ್ಮಲ್ಲಿ ದೊಡ್ಡ ಹೋರಾಟಗಾರ.

ಬಾಬಾಸಾಹೇಬರು ದಿನವಿಡೀ ಓದ್ತಿದ್ರು ಅಂತ ಪ್ರತಿ ಏಪ್ರಿಲ್‌ನಲ್ಲಿ ಭಾಷಣ ಮಾಡ್ತೀವಿ. ಅವರು ಪಿಟೀಲು ಕಲಿತಿದ್ದನ್ನ ಎಷ್ಟು ಜನ ಹೇಳ್ತೀವಿ? ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ಕೊಳ್ತಿದ್ದಾಗ, ಕಾರ್ಖಾನೆಯ ದುಡಿಮೆಯನ್ನ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಸೋ ಮಸೂದೆ ತಂದವರು ಅವರು. 1946ರಲ್ಲಿ ಅದು ಕಾಯ್ದೆ ಆಯ್ತು. ಅದಕ್ಕೂ ಮುಂಚೆ, 1945ರಲ್ಲೇ, ಗಾಂಧೀವಾದವನ್ನ ಟೀಕಿಸ್ತಾ ಯಂತ್ರಗಳು ಬೇಕೇ ಬೇಕು ಅಂತ ವಾದಿಸಿದ್ರು. ಕಾರಣ ಏನು ಗೊತ್ತಾ? ಬಿಡುವಿಲ್ಲದೆ ಮನುಷ್ಯನಿಗೆ ಸಂಸ್ಕೃತಿಯ ಬದುಕಿಲ್ಲ ಅಂತ. ನಮ್ಮ ಕರ್ನಾಟಕದಲ್ಲಿ 2023ರಲ್ಲಿ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸೋಕೆ ದಾರಿ ಮಾಡೋ ತಿದ್ದುಪಡಿ ಬಂತು. ವಾರಕ್ಕೆ 48ರ ಮಿತಿ ಹಂಗೇ ಇದೆಯಲ್ಲ ಅಂತಾರೆ. 12 ಗಂಟೆ ನಿಂತು ಬಂದ ಹೆಣ್ಣುಮಗಳು ಮನೇಲಿ ಒಲೆ ಹಚ್ಚೋದು ಯಾವ ಲೆಕ್ಕಕ್ಕೆ ಸ್ವಾಮಿ? ಅದನ್ನ ವಿರೋಧಿಸಿ ಬೀದಿಗಿಳಿಯೋ ನಾವು, ನಮ್ಮ ಕಾರ್ಯಕರ್ತರನ್ನ ಮಾತ್ರ ಹೊತ್ತುಗೊತ್ತಿಲ್ದೆ ದುಡಿಸ್ತೀವಿ.

ದೌರ್ಜನ್ಯ ನಡೆದಾಗ ಫೋನ್ ಎತ್ತದಿದ್ರೆ ಹೆಂಗೆ ಅನ್ನೋದು ನ್ಯಾಯವಾದ ಪ್ರಶ್ನೆ. ಎಫ್‌ಐಆರ್ ಹಾಕಿಸೋಕೆ ಠಾಣೆ ಮುಂದೆ ರಾತ್ರಿಯೆಲ್ಲಾ ಕೂರೋ ಸಂಕಟ ನನಗೂ ಗೊತ್ತು. ಅದಕ್ಕೇ ನಾಲ್ಕು ಜನ ಪಾಳಿ ಹಾಕ್ಕೊಂಡಿದೀವಿ. ಒಂದೇ ನಂಬರು, ವಾರಕ್ಕೊಬ್ಬರ ಕೈಲಿ. ಒಬ್ಬನೇ ಲೀಡರ್ ಎಲ್ಲಾ ಕಡೆ ಇರಬೇಕು ಅನ್ನೋ ರೋಗಕ್ಕೂ ಇದು ಒಳ್ಳೇ ಮದ್ದು.

ಇನ್ನೊಂದು ಬದಲಾವಣೆ. ನಮ್ಮ ಸಭೆ ರಾತ್ರಿ ಎಂಟಕ್ಕೆ ಇರ್ತಿತ್ತು. ಕಸ ಗುಡಿಸೋ ಅಕ್ಕಂದಿರು ಒಬ್ರೂ ಬರ್ತಿರಲಿಲ್ಲ. ಬೆಳಗಿನ ಜಾವ ಏಳಬೇಕು, ಅಡುಗೆ ಆಗಬೇಕು. ಈಗ ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಸೇರ್ತೀವಿ, ಟೀ ಮಾಡೋದು ಗಂಡಸರು. ಮೊನ್ನೆ ಹನ್ನೊಂದು ಜನ ಅಕ್ಕಂದಿರು ಬಂದಿದ್ರು. ಒಬ್ಬರು ಮಾತೇನೂ ಆಡ್ಲಿಲ್ಲ, ಗೋಡೆಗೆ ಒರಗಿ ಅರ್ಧ ಗಂಟೆ ಕಣ್ಮುಚ್ಚಿದ್ರು. ಯಾರೂ ಎಬ್ಬಿಸ್ಲಿಲ್ಲ.

ಈ ಭಾನುವಾರ ಮಗಳಿಗೆ ಸೈಕಲ್ ಕಲಿಸ್ತಿದೀನಿ. ಫೋನಿನ ಪಾಳಿ ನಂದಲ್ಲ. ತುರ್ತಿದ್ರೆ ಗ್ರೂಪಲ್ಲಿರೋ ನಂಬರಿಗೆ ಮಾಡಿ.